ಹೊಸ ವರ್ಷಕ್ಕೆ ಸಭೆಯ ಗುರಿ ಯಾರದು?

ಡಿಸೆಂಬರ್ ಬಂತೆಂದರೆ ನಮ್ಮ ಸಭೆಗಳಲ್ಲಿ ಎರಡು ಕೆಲಸ ಜೋರಾಗಿ ನಡೆಯುತ್ತವೆ. ಒಂದು ಕ್ಯಾರಲ್ ರೌಂಡ್ಸ್, ಇನ್ನೊಂದು ಹೊಸ ವರ್ಷಕ್ಕೆ ‘ಥೀಮ್’ ಹುಡುಕುವುದು. ಥೀಮ್ ಸಿಕ್ಕಿದ ಮೇಲೆ ಅದಕ್ಕೊಂದು ವಚನ, ವಚನಕ್ಕೊಂದು ಬ್ಯಾನರ್. 31ರ ರಾತ್ರಿ ವಾಚ್‌ನೈಟ್ ಆರಾಧನೆಯಲ್ಲಿ ಅದನ್ನು ಬಿಡುಗಡೆ ಮಾಡಿ, ಮನೆಗೆ ಹೊರಡುವಾಗ ಕೈಗೊಂದು ವಾಗ್ದಾನದ ಕಾರ್ಡು ಮತ್ತು ಒಂದು ತುಂಡು ಕೇಕು. ಫೆಬ್ರವರಿಯಲ್ಲಿ ಯಾರನ್ನಾದರೂ ಹಿಡಿದು ‘ಈ ವರ್ಷದ ನಮ್ಮ ಥೀಮ್ ಏನು?’ ಎಂದು ಕೇಳಿ ನೋಡಿ. ಕಾರ್ಡು ಫ್ರಿಜ್ಜಿನ ಬಾಗಿಲ ಮೇಲೆ ಭದ್ರವಾಗಿರುತ್ತದೆ, ಥೀಮ್ ಮಾತ್ರ ನೆನಪಿರುವುದಿಲ್ಲ.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ನಾವು ‘ಸಭೆ’ ಎಂದರೆ ಒಂದು ಚರ್ಚಿಗೆ ಸೇರಿದ ಜನಸಮುದಾಯ ಎಂದರ್ಥ. ಮೀಟಿಂಗಿಗೂ ಕನ್ನಡದಲ್ಲಿ ಸಭೆ ಅಂತಲೇ ಅನ್ನುತ್ತೇವೆ. ಈ ಎರಡು ಅರ್ಥಗಳ ಗೊಂದಲ ಬರೀ ಭಾಷೆಯದ್ದಲ್ಲ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಒಂದು ಮೀಟಿಂಗಿನಲ್ಲಿ ಏಳೆಂಟು ಜನ ಕೂತು ಮಾಡಿದ ತೀರ್ಮಾನವನ್ನು ‘ಸಭೆಯ ತೀರ್ಮಾನ’ ಅಂದುಬಿಡುತ್ತೇವೆ. ಯಾವ ಸಭೆ? ಕೂತ ಸಭೆಯೋ, ಕುಟುಂಬಗಳ ಸಭೆಯೋ?

ನಾನು ಹೇಳಬೇಕೆಂದಿರುವುದು ಇದರ ಬಗ್ಗೆಯೇ. ಸಭೆಗೆ ವಾರ್ಷಿಕ ಗುರಿ ಬೇಕು. ಆದರೆ ಆ ಗುರಿ ಎಲ್ಲರೂ ಸೇರಿ ಇಟ್ಟುಕೊಂಡದ್ದಾಗಿರಬೇಕು, ನಮ್ಮ ಕೈಯಲ್ಲಿ ಆಗುವಂಥದ್ದಾಗಿರಬೇಕು, ಮತ್ತು ಅದರ ಮುಂದೆ ಹೆಸರುಗಳಿರಬೇಕು. ಈ ಮೂರೂ ಇಲ್ಲದಿದ್ದರೆ ಬ್ಯಾನರಿನ ದುಡ್ಡು ಉಳಿಸಿ ಬಡ ಮಕ್ಕಳಿಗೆ ನೋಟ್‌ಬುಕ್ಕಾದರೂ ಕೊಡಿಸಬಹುದು.

ಈ ವಿಷಯ ಎತ್ತಿದರೆ ಮೊದಲು ಬರುವ ಆಕ್ಷೇಪ ಗೊತ್ತೇ ಇದೆ. “ನೋಡಪ್ಪಾ, ಇದು ಚರ್ಚು, ಕಂಪನಿ ಅಲ್ಲ. ಟಾರ್ಗೆಟ್ಟು ಗೀರ್ಗೆಟ್ಟು ಎಲ್ಲಾ ನಿಮ್ಮ ಆಫೀಸಲ್ಲಿ ಇಟ್ಕೊಳ್ಳಿ” ಅಂತ ಹಿರಿಯರೊಬ್ಬರು ನನಗೆ ನೇರವಾಗಿಯೇ ಹೇಳಿದ್ದರು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ದಾವೀದನು ಜನಗಣತಿ ಮಾಡಿಸಿ ತೊಂದರೆಗೆ ಸಿಕ್ಕಿಕೊಂಡದ್ದು ಸತ್ಯವೇದದಲ್ಲೇ ಇದೆ. ತಲೆ ಎಣಿಸುವುದರಲ್ಲಿ ಒಂದು ಜಂಬ ಇರುತ್ತದೆ. (ಅರಣ್ಯಕಾಂಡದಲ್ಲಿ ಎಣಿಕೆ ಮಾಡಿಸಿದ್ದು ದೇವರೇ ಅಲ್ಲವಾ ಅಂತ ನಾನು ಕೇಳಬಹುದಿತ್ತು. ಹಿರಿಯರ ಎದುರು ಅಷ್ಟೆಲ್ಲ ಮಾತಾಡಬಾರದು ಅಂತ ಸುಮ್ಮನಾದೆ.) ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಒಬ್ಬ ರೈತ ಬರುತ್ತಾನಲ್ಲ, ಬೀಜ ಹಾಕಿ ಮಲಗಿ ಏಳುತ್ತಾನೆ, ಅದು ಹೇಗೆ ಬೆಳೆಯಿತೋ ಅವನಿಗೇ ತಿಳಿಯುವುದಿಲ್ಲ. ಬೆಳೆ ನಮ್ಮ ಕೈಯಲ್ಲಿಲ್ಲ ಅನ್ನುವುದು ಅಲ್ಲಿಯ ಪಾಠ. ಆದರೆ ಆ ರೈತ ಬೀಜವನ್ನಂತೂ ಹಾಕಿದ್ದ. ಎಷ್ಟು ಹೊಲ ಉಳಬೇಕು, ಎಷ್ಟು ಸೇರು ಬೀಜ ಬೇಕು ಅನ್ನುವ ಲೆಕ್ಕ ಅವನದೇ ತಾನೆ?

ಆದ್ದರಿಂದ ‘ಈ ವರ್ಷ 50 ಹೊಸ ಕುಟುಂಬಗಳು’ ಅನ್ನುವುದು ನನ್ನ ಪ್ರಕಾರ ಗುರಿಯೇ ಅಲ್ಲ. ಬೆಂಗಳೂರಿನಂಥ ಊರಿನಲ್ಲಿ ಆ ಐವತ್ತು ಕುಟುಂಬ ಬರುವುದು ಬಹುಮಟ್ಟಿಗೆ ಇನ್ನೊಂದು ಚರ್ಚಿನಿಂದ. ಪಕ್ಕದವರ ಹಟ್ಟಿಯ ಕುರಿ ನಮ್ಮ ಹಟ್ಟಿಗೆ ಬಂದದ್ದನ್ನು ಬೆಳವಣಿಗೆ ಅನ್ನಲಾಗದು. ‘ಹೆಚ್ಚು ಪ್ರಾರ್ಥನೆ, ಹೆಚ್ಚು ಐಕ್ಯತೆ’ ಕೂಡ ಗುರಿಯಲ್ಲ, ಅದು ಆಸೆ. ‘ಕಾಂಪೌಂಡ್ ಗೋಡೆ, ಹಾಲಿಗೆ ಟೈಲ್ಸ್, ಹೊಸ ಸೌಂಡ್ ಸಿಸ್ಟಮ್’ ಖರ್ಚಿನ ಪಟ್ಟಿ. ಹಾಗೆ ನೋಡಿದರೆ ನಮ್ಮ ಸಭೆಗಳು ಪ್ರತಿ ವರ್ಷ ತಪ್ಪದೆ ಮುಟ್ಟುವ ಗುರಿ ಈ ಕೊನೆಯದೊಂದೇ!

ಇನ್ನು ಕೆಲವರು ಜ್ಞಾನೋಕ್ತಿಗಳು 29ನೇ ಅಧ್ಯಾಯದ 18ನೇ ವಚನ ತೋರಿಸಿ ‘ವಿಷನ್ ಇಲ್ಲದ ಸಭೆ ಹಾಳಾಗುತ್ತದೆ’ ಅನ್ನುತ್ತಾರೆ. ಅಲ್ಲಿ ಹೇಳಿರುವುದು ದೇವರು ಕೊಡುವ ದರ್ಶನದ ಬಗ್ಗೆ. ಕಮಿಟಿಯ ದರ್ಶನದ ಬಗ್ಗೆ ಅಲ್ಲ. ವಚನದ ಎರಡನೇ ಅರ್ಧವನ್ನೂ ಓದಿದರೆ, ಧರ್ಮೋಪದೇಶವನ್ನು ಕೈಕೊಂಡು ನಡೆಯುವವರು ಧನ್ಯರು ಅನ್ನುವ ಅರ್ಥದ ಮಾತು ಇದೆ. ಪವರ್‌ಪಾಯಿಂಟ್ ಸ್ಲೈಡಿನಲ್ಲಿ ಆ ಅರ್ಧ ಯಾವತ್ತೂ ಬರುವುದಿಲ್ಲ.

ಹಾಗಾದರೆ ಗುರಿ ಹೇಗಿರಬೇಕು? ನಮ್ಮದೇ ಮನೆತನದ ಒಂದು ಹಳೆಯ ಕಥೆ ಇದೆ. ಹಳೇ ಮೈಸೂರು ಸೀಮೆಯ ಬಹಳಷ್ಟು ಸಿ.ಎಸ್.ಐ. ಕನ್ನಡ ಸಭೆಗಳ ಬೇರು ವೆಸ್ಲಿಯನ್ ಮಿಷನ್ನಿನಲ್ಲಿದೆ. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ ಆಂಗ್ಲಿಕನ್ನರು ಮತ್ತು ಇತರರ ಜೊತೆ ಮೆಥೊಡಿಸ್ಟರೂ ಒಂದಾದರಲ್ಲ, ಆ ಪರಂಪರೆ. ಅದರ ಮೂಲಪುರುಷ ಜಾನ್ ವೆಸ್ಲಿಯ ಕಾಲದಲ್ಲಿ, 1742ರಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಕೂಟದವರಿಗೆ ತಮ್ಮ ಕಟ್ಟಡದ ಸಾಲ ತೀರಿಸುವುದು ದೊಡ್ಡ ತಲೆನೋವಾಗಿತ್ತು. (ಕಟ್ಟಡದ ಸಾಲ! ನೋಡಿ, ಆಗಲೂ ಅದೇ.) ಏನು ಮಾಡುವುದೆಂದು ಕೂತು ಮಾತಾಡಿದಾಗ, ಸಾಲ ತೀರುವವರೆಗೂ ಒಬ್ಬೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡೋಣ ಎಂದು ಒಬ್ಬರು ಸೂಚಿಸಿದರು. ಬಡವರೇ ಹೆಚ್ಚಿದ್ದಾರೆ, ಅವರೆಲ್ಲಿಂದ ತರಬೇಕು ಎಂದು ಇನ್ನೊಬ್ಬರು ಕೇಳಿದರು. ಅದಕ್ಕೆ ಆ ಮನುಷ್ಯ, ಫಾಯ್ ಎಂಬ ಕ್ಯಾಪ್ಟನ್, ಕೊಟ್ಟ ಉತ್ತರ ನನಗೆ ಬಹಳ ಇಷ್ಟ. ಅತಿ ಬಡವರಾದ ಹನ್ನೊಂದು ಜನರನ್ನು ನನಗೆ ಕೊಡಿ, ವಾರಕ್ಕೊಮ್ಮೆ ಅವರ ಬಳಿ ನಾನು ಹೋಗುತ್ತೇನೆ, ಅವರಿಗೆ ಆಗದಿದ್ದರೆ ಅವರ ಪಾಲನ್ನೂ ನಾನೇ ಹಾಕುತ್ತೇನೆ, ನೀವೂ ಒಬ್ಬೊಬ್ಬರು ಹೀಗೇ ಹನ್ನೊಂದು ಜನರನ್ನು ವಹಿಸಿಕೊಳ್ಳಿ ಎಂದನಂತೆ.

ಹಾಗೆ ಮನೆ ಮನೆಗೆ ಪೆನ್ನಿ ಎತ್ತಲು ಹೋದವರಿಗೆ ಏನು ಕಾಣಿಸಿತು ಗೊತ್ತೇ? ಈ ಮನೆಯಲ್ಲಿ ಜಗಳ, ಆ ಮನೆಯಲ್ಲಿ ಕುಡಿತ... ಅದುವರೆಗೆ ವಾರ ವಾರ ಒಟ್ಟಿಗೆ ಕೂತು ಹಾಡುತ್ತಿದ್ದವರ ಕಷ್ಟ ಪಕ್ಕದವರಿಗೆ ಗೊತ್ತಿರಲಿಲ್ಲ. ಸುದ್ದಿ ತಿಳಿದ ವೆಸ್ಲಿಗೆ, ತಾನು ಇಷ್ಟು ದಿನ ಹುಡುಕುತ್ತಿದ್ದದ್ದು ಇದನ್ನೇ ಅನ್ನಿಸಿತು. ಸಾಲದ ಲೆಕ್ಕಕ್ಕೆ ಹುಟ್ಟಿದ ಹನ್ನೆರಡು ಜನರ ಗುಂಪೇ ಮುಂದೆ ಮೆಥೊಡಿಸ್ಟರ ‘ಕ್ಲಾಸ್ ಮೀಟಿಂಗ್’ ಆಯಿತು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸಿದ್ದು, ಅವರ ಗುರಿಯಲ್ಲಿ ಆಧ್ಯಾತ್ಮಿಕ ಪದ ಒಂದೂ ಇರಲಿಲ್ಲ. ವಾರಕ್ಕೆ ಒಂದು ಪೆನ್ನಿ, ಹನ್ನೊಂದು ಜನ, ಇಂಥವನ ಜವಾಬ್ದಾರಿ, ಅಷ್ಟೆ. ಆದರೆ ಆ ಕೆಲಸಕ್ಕೆ ಒಬ್ಬ ಮನುಷ್ಯ ಇನ್ನೊಬ್ಬನ ಬಾಗಿಲು ತಟ್ಟಲೇಬೇಕಿತ್ತು. ನಾವು ಈಗ ಚಂದಾವನ್ನು ಗೂಗಲ್ ಪೇ ಮಾಡಿ ಎನ್ನುತ್ತೇವೆ. ಖಜಾಂಚಿಗೆ ಅನುಕೂಲ, ನಿಜ. ಬಾಗಿಲು ತಟ್ಟುವ ನೆಪವೊಂದು ಹೋಯಿತು, ಅದೂ ನಿಜ.

ನೆಹೆಮೀಯನ ಗೋಡೆ ಕಥೆಯನ್ನು ಕಟ್ಟಡ ನಿಧಿಯ ಭಾನುವಾರ ಪ್ರಸಂಗದಲ್ಲಿ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠ ಆಗಿದೆ. 52 ದಿನದಲ್ಲಿ ಯೆರೂಸಲೇಮಿನ ಗೋಡೆ ಮುಗಿಯಿತು, ಆದ್ದರಿಂದ ನೀವೂ ಧಾರಾಳವಾಗಿ ಕೊಡಿ, ಅಂತ. ಆದರೆ ಮೂರನೇ ಅಧ್ಯಾಯವನ್ನು, ಆ ಬರೀ ಹೆಸರುಗಳ ಅಧ್ಯಾಯವನ್ನು, ಯಾರೂ ಓದಿಸುವುದಿಲ್ಲ. ಯಾರು ಯಾವ ತುಂಡು ಕಟ್ಟಿದರು ಅನ್ನುವ ಪಟ್ಟಿ ಅದು. ಮಹಾಯಾಜಕನಿಂದ ಶುರುವಾಗಿ ಅಕ್ಕಸಾಲಿಗರು, ಸುಗಂಧದ್ರವ್ಯ ಮಾಡುವವರು, ವ್ಯಾಪಾರಿಗಳು ಎಲ್ಲರೂ ಇದ್ದಾರೆ. ಶಲ್ಲೂಮ ಎಂಬೊಬ್ಬನ ಜೊತೆ ಅವನ ಹೆಣ್ಣುಮಕ್ಕಳೂ ಕೆಲಸ ಮಾಡಿದರೆಂದು ಬರೆದಿದೆ. ಎಷ್ಟೋ ಜನ ಕಟ್ಟಿದ್ದು ತಮ್ಮ ತಮ್ಮ ಮನೆಯ ಎದುರಿಗಿದ್ದ ಭಾಗವನ್ನೇ. ತೆಕೋವ ಊರಿನ ಶ್ರೀಮಂತರು ಮಾತ್ರ ಕೆಲಸಕ್ಕೆ ಹೆಗಲು ಕೊಡಲಿಲ್ಲ ಎಂದೂ ದಾಖಲಾಗಿದೆ. ಅದೇ ಊರಿನ ಸಾಮಾನ್ಯ ಜನ ತಮ್ಮ ಪಾಲು ಮುಗಿಸಿ ಇನ್ನೊಂದು ಭಾಗವನ್ನೂ ಕಟ್ಟಿದರಂತೆ! ಎರಡು ಸಾವಿರಕ್ಕೂ ಹೆಚ್ಚು ವರ್ಷವಾದರೂ ಆ ಶ್ರೀಮಂತರ ಹೆಸರು ಹಾಗೇ ಕೆಟ್ಟುಕೊಂಡಿದೆ. ನಮ್ಮ ವಾರ್ಷಿಕ ವರದಿಯಲ್ಲಿ ಹೀಗೆ ಬರೆದರೆ ಕಾರ್ಯದರ್ಶಿಯ ಗತಿ ಏನಾಗಬಹುದು, ನೀವೇ ಊಹಿಸಿ :-)

ಇನ್ನೊಂದು ವಿಷಯ. ಜನರ ಮುಂದೆ ಗುರಿ ಇಡುವ ಮೊದಲು ನೆಹೆಮೀಯ ರಾತ್ರಿ ಹೊತ್ತು ಸದ್ದಿಲ್ಲದೆ ಹೋಗಿ ಗೋಡೆ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿಕೊಂಡು ಬಂದಿದ್ದ. ನಮ್ಮಲ್ಲಿ ಆ ಕೆಲಸ ಆಗುವುದೇ ಇಲ್ಲ. ಸಭೆಯ ರಿಜಿಸ್ಟರಿನಲ್ಲಿ ಎಷ್ಟು ಮನೆ ಇದೆ, ಅದರಲ್ಲಿ ಎಷ್ಟು ಮನೆಯವರು ಈಗ ಆ ವಿಳಾಸದಲ್ಲೇ ಇದ್ದಾರೆ, ಯಾರು ಮಂಚ ಹಿಡಿದಿದ್ದಾರೆ, ಯಾರ ಮಕ್ಕಳು ಹೊರದೇಶದಲ್ಲಿದ್ದು ಮನೆಯಲ್ಲಿ ಎರಡು ಮುದಿ ಜೀವ ಮಾತ್ರ ಇವೆ... ಈ ಪಟ್ಟಿ ಇಲ್ಲದೆ ಥೀಮ್ ಹುಡುಕುವುದು ನಾಡಿ ನೋಡದೆ ಔಷಧಿ ಬರೆದ ಹಾಗೆ.

ಈಗ ನಮ್ಮ ಗೋಡೆ ಎಲ್ಲಿ ಬಿದ್ದಿದೆ ಅಂತ ನನಗೆ ಅನ್ನಿಸುವುದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನ ಕನ್ನಡ ಸಭೆಗಳಲ್ಲಿ ಕನ್ನಡ ಓದಲು ಬರದ ಕನ್ನಡದ ಮಕ್ಕಳು ಬೆಳೆಯುತ್ತಿದ್ದಾರೆ. ಗಾಯನ ಮಂಡಳಿಯ ಹುಡುಗ ಹುಡುಗಿಯರ ಕೈಯಲ್ಲಿರುವ ಹಾಳೆ ನೋಡಿ. ಕೀರ್ತನೆ ಕನ್ನಡದ್ದು, ಅಕ್ಷರ ಇಂಗ್ಲಿಷಿನದು. ಕ್ರಿಸ್‌ಮಸ್ ಪಾಠ ಓದಲು ಕರೆದರೆ ಮಕ್ಕಳಿಗಿಂತ ಮೊದಲು ಅಮ್ಮಂದಿರೇ “ಅಯ್ಯೋ ಅವನಿಗೆ ಕನ್ನಡ ಓದೋಕೆ ಬರಲ್ಲ, ಇಂಗ್ಲಿಷ್ ಪಾಠ ಕೊಡಿ” ಅನ್ನುತ್ತಾರೆ. ಓದು ಬರದವನು ಹತ್ತೊಂಬತ್ತನೇ ವಯಸ್ಸಿಗೆ ಇಂಗ್ಲಿಷ್ ಆರಾಧನೆಗೆ ಹೋಗುತ್ತಾನೆ, ಮದುವೆಯಾದ ಮೇಲೆ ಎಲ್ಲಿಗೂ ಹೋಗದಿರಬಹುದು. ಬೆಂಚುಗಳಲ್ಲಿ ನರೆತ ತಲೆಗಳೇ ಕಾಣುತ್ತವೆ ಅಂತ ನಿಟ್ಟುಸಿರು ಬಿಡುವವರು ಈ ಹಾಳೆಯನ್ನು ನೋಡಿದ್ದಾರೋ ಇಲ್ಲವೋ.

ಇದು ಯಾವ ಪರಂಪರೆಗೆ ಆಗುತ್ತಿದೆ ಅನ್ನುವುದೇ ಸಂಕಟ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿಳಿಯಿತು. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದರು, ಕನ್ನಡದ ಮೊದಲ ಪತ್ರಿಕೆ. ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಕನ್ನಡಿಗರಿಗೆಲ್ಲ ಪತ್ರಿಕೆ, ನಿಘಂಟು ಕೊಟ್ಟ ಮನೆಯ ಮೊಮ್ಮಕ್ಕಳಿಗೆ ಒತ್ತಕ್ಷರ ಬರುವುದಿಲ್ಲ. ಕರಾವಳಿಯ ಕಥೆ ಬೆಂಗಳೂರಿಗೆ ಯಾಕೆ ಅನ್ನಬೇಡಿ. ಇಲ್ಲಿನ ಸಭೆಗಳ ಬೆಂಚುಗಳಲ್ಲಿ ಮಂಗಳೂರಿನವರೂ ಇದ್ದಾರೆ, ಧಾರವಾಡದವರೂ ಇದ್ದಾರೆ, ಮಂಡ್ಯ ತುಮಕೂರಿನವರೂ ಇದ್ದಾರೆ.

ಸಂಡೇ ಸ್ಕೂಲ್ ಇರುವುದು ಬೈಬಲ್ ಕಥೆ ಹೇಳಲು, ಕನ್ನಡ ಕಲಿಸಲು ಅಲ್ಲ ಅನ್ನುವವರಿದ್ದಾರೆ. ಅವರಿಗೆ ಸಂಡೇ ಸ್ಕೂಲ್ ಹುಟ್ಟಿದ್ದು ಹೇಗೆಂದು ಹೇಳಬೇಕು. 1780ರಲ್ಲಿ ಗ್ಲೌಸ್ಟರ್ ಊರಿನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಮಾಲೀಕ ಅದನ್ನು ಶುರು ಮಾಡಿದ್ದೇ ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಭಾನುವಾರ ಓದು ಕಲಿಸಲು. ಅಕ್ಷರ ಮತ್ತು ಸತ್ಯವೇದ ಅಲ್ಲಿ ಬೇರೆ ಬೇರೆ ಕೆಲಸ ಆಗಿರಲಿಲ್ಲ.

ಹಾಗಾಗಿ ನನ್ನ ಕೈಗೆ ಚೀಟಿ ಕೊಟ್ಟರೆ ನಾನು ಬರೆಯುವ ಮೊದಲ ಗುರಿ ಇದು. ಈ ಡಿಸೆಂಬರಿನ ಕ್ಯಾರಲ್ ಆರಾಧನೆಯಲ್ಲಿ ಎಲ್ಲ ಪಾಠಗಳನ್ನೂ ಸಂಡೇ ಸ್ಕೂಲಿನ ಮಕ್ಕಳೇ ಕನ್ನಡ ಅಕ್ಷರ ನೋಡಿ ಓದಬೇಕು. ಜೂನಿನಲ್ಲಿ ಶಾಲೆ ಶುರುವಾದಾಗಿಂದ ನವೆಂಬರ್ ಕೊನೆಯವರೆಗೆ 26 ಭಾನುವಾರ ಸಿಗುತ್ತವೆ. ದಿನಕ್ಕೆ ಹದಿನೈದು ನಿಮಿಷ ಅಂದರೂ ಆರೂವರೆ ಗಂಟೆ. ಬರೀ ಅಷ್ಟರಲ್ಲಿ ಆಗುವುದಿಲ್ಲ, ಮನೆಯಲ್ಲಿ ಯಾರಾದರೂ ಕೂರಿಸಿ ಓದಿಸಲೇಬೇಕು. ಅದಕ್ಕೇ ಇದು ಸಂಡೇ ಸ್ಕೂಲ್ ಟೀಚರ ಗುರಿ ಆಗಲಾರದು, ಸಭೆಯ ಗುರಿಯೇ ಆಗಬೇಕು. ನಿವೃತ್ತರಾದ ಕನ್ನಡ ಮೇಷ್ಟ್ರುಗಳು, ಮೇಡಮ್ಮುಗಳು ನಮ್ಮ ಸಭೆಗಳಲ್ಲಿ ಎಷ್ಟು ಜನ ಸುಮ್ಮನೆ ಕೂತಿದ್ದಾರೆ! ಅವರನ್ನು ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿ ಹಿಡಿದು ನಿಲ್ಲಲು ಮಾತ್ರ ಕರೆಯುತ್ತೇವೆ.

ಎರಡನೆಯದು ಬ್ರಿಸ್ಟಲಿನ ಲೆಕ್ಕ. ಸಭೆಯಲ್ಲಿ 180 ಮನೆ ಇದೆ ಅಂತಿಟ್ಟುಕೊಳ್ಳಿ. ಹನ್ನೆರಡು ಮನೆಗೊಬ್ಬರಂತೆ ಹದಿನೈದು ಜನ ಸಾಕು. ತಿಂಗಳಿಗೊಮ್ಮೆ ಪ್ರತಿ ಮನೆಗೂ ಹೋಗಿ ಬರುವುದು, ಕೂತು ಹತ್ತು ನಿಮಿಷ ಮಾತಾಡುವುದು, ಕಾಫಿ ಕೊಟ್ಟರೆ ಕುಡಿಯುವುದು. ಪ್ರಸಂಗ ಬೇಡ. ಯಾರಿಗೆ ಮನೆಯಲ್ಲಿ ಸಂಸ್ಕಾರ ಭೋಜನ ಬೇಕಾಗಿದೆ ಅನ್ನುವುದನ್ನು ಅಯ್ಯನವರಿಗೆ ತಿಳಿಸುವುದು. ಅಯ್ಯನವರೊಬ್ಬರೇ 180 ಮನೆ ಸುತ್ತಬೇಕೆಂದು ನಿರೀಕ್ಷಿಸಿ, ಆಮೇಲೆ ‘ನಮ್ಮನೆಗೆ ಬಂದೇ ಇಲ್ಲ’ ಅಂತ ಗೇಟಿನ ಹತ್ತಿರ ದೂರುವುದಕ್ಕಿಂತ ಇದು ವಾಸಿ.

ಇದು ಆಗುತ್ತದೆಯೋ ಇಲ್ಲವೋ ಅನ್ನುವ ಅನುಮಾನಕ್ಕೆ 2020 ನೆನಪು ಮಾಡಿಕೊಳ್ಳಿ. ಆ ಇಸವಿಗೆ ಎಷ್ಟೋ ಸಭೆಗಳು ‘ವಿಷನ್ 2020’ ಅಂತ ವರ್ಷಗಟ್ಟಲೆ ಮೊದಲೇ ಯೋಜನೆ ಹಾಕಿದ್ದವು. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿತು. ಗರಿಗಳ ಭಾನುವಾರ, ಶುಭ ಶುಕ್ರವಾರ, ಏಪ್ರಿಲ್ 12ರ ಈಸ್ಟರ್ ಎಲ್ಲ ಮೊಬೈಲಿನಲ್ಲೇ ಕಳೆದವು. ಯಾವ ವಿಷನ್ನೂ ಉಳಿಯಲಿಲ್ಲ. ಉಳಿದದ್ದು, ‘ಅಕ್ಕಾ, ಮಾತ್ರೆ ಇದೆಯಾ? ದಿನಸಿ ಬಂತಾ?’ ಅಂತ ಯಾರೋ ಒಬ್ಬರು ದಿನಾ ಮಾಡುತ್ತಿದ್ದ ಫೋನು. ಯಾವ ಕಮಿಟಿಯೂ ಹೇಳದೆ ಜನ ಅದನ್ನು ಮಾಡಿದರು. ಚರ್ಚು ತೆರೆದ ಮೇಲೆ ಮೆಲ್ಲಗೆ ಬಿಟ್ಟೂ ಬಿಟ್ಟರು.

ಮೂರನೆಯದರ ಬಗ್ಗೆ ಉದ್ದ ಬರೆಯುವುದಿಲ್ಲ. ಪ್ರತಿ ತಿಂಗಳ ಆದಾಯ ಖರ್ಚನ್ನು ಮುಂದಿನ ತಿಂಗಳ ಎರಡನೇ ಭಾನುವಾರದೊಳಗೆ ನೋಟೀಸ್ ಬೋರ್ಡಿಗೆ ಹಾಕುವುದು. ನಮ್ಮ ಸಭೆಗಳ ಜಗಳಗಳು ಕೋರ್ಟಿನ ಮೆಟ್ಟಿಲು ಹತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ, ಮತ್ತು ಅವುಗಳಲ್ಲಿ ಹೆಚ್ಚಿನವು ದುಡ್ಡು ಮತ್ತು ಆಸ್ತಿಯವೇ.

ಮೂರಕ್ಕಿಂತ ಜಾಸ್ತಿ ಬೇಡ. ಹನ್ನೆರಡು ಗುರಿ ಇಟ್ಟುಕೊಂಡ ಸಭೆಗೆ ಒಂದೂ ನೆನಪಿರುವುದಿಲ್ಲ.

ಆದರೆ ಇವು ನನ್ನ ಮೂರು. ನಾನು ಬರೆದೆ ಅಂತ ಇವು ಸಭೆಯ ಗುರಿ ಆಗುವುದಿಲ್ಲ. ಅಯ್ಯನವರು ಪೀಠದಿಂದ ಹೇಳಿದರೂ ಆಗುವುದಿಲ್ಲ. ಇದನ್ನು ಅವರ ಮೇಲಿನ ಅಗೌರವದಿಂದ ಹೇಳುತ್ತಿಲ್ಲ. ಅಯ್ಯನವರಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಇದ್ದದ್ದೇ, ಅದೂ ಸಾಮಾನ್ಯವಾಗಿ ಶಾಲೆ ರಜೆಯ ಹೊತ್ತಿಗೆ. ಜನವರಿಯಲ್ಲಿ ಅವರು ಇಟ್ಟ ಗುರಿ ಮೇ ತಿಂಗಳಲ್ಲಿ ಅವರ ಸಾಮಾನಿನ ಲಾರಿಯಲ್ಲೇ ಹೊರಟುಹೋಗುತ್ತದೆ. ಹೊಸಬರು ಹೊಸ ಥೀಮ್ ತರುತ್ತಾರೆ. ಊರಿನವರು ನಾವೇ ತಾನೆ ಉಳಿಯುವವರು?

ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯದಲ್ಲಿ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಎಂಬ ಗುಣುಗುಟ್ಟು ಎದ್ದಾಗ ಅಪೊಸ್ತಲರು ತಾವೇ ಏಳು ಜನರನ್ನು ನೇಮಿಸಿಬಿಡಲಿಲ್ಲ. ಶಿಷ್ಯರನ್ನೆಲ್ಲ ಕರೆದು ನೀವೇ ಆರಿಸಿಕೊಳ್ಳಿ ಎಂದರು. ದೂರಿನಿಂದಲೇ ಗುರಿ ಹುಟ್ಟಿತು. ನಮ್ಮಲ್ಲೂ ಆಗಮನ ಕಾಲದ ಮೊದಲ ಭಾನುವಾರ ಬಾಗಿಲ ಬಳಿ ಒಂದು ಡಬ್ಬಿ ಇಡಲಿ. ಪ್ರತಿಯೊಬ್ಬರೂ ಒಂದೇ ಒಂದು ಚೀಟಿ ಹಾಕಲಿ. ಸ್ತ್ರೀಯರ ಸಂಘದವರು, ಯುವಜನರು, ದೃಢೀಕರಣ ಆಗದ ಮಕ್ಕಳೂ ಹಾಕಲಿ. ಚಂದಾ ಬಾಕಿ ಇರುವವರಿಗೆ ಓಟಿನ ಹಕ್ಕು ಇಲ್ಲ ಅನ್ನುವ ನಿಯಮ ಚುನಾವಣೆಗೆ ಇರಲಿ, ಈ ಡಬ್ಬಿಗೆ ಬೇಡ. ಚೀಟಿಗಳನ್ನು ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆ ಬಿಡಿಸಿ ಓದಲಿ, ಅಲ್ಲೇ ಕೂತು ಮೂರಕ್ಕೆ ಇಳಿಸಲಿ. ಒಂದು ಗಂಟೆ ಹಿಡಿಯುತ್ತದೆ. ಬಿರಿಯಾನಿ ಇದ್ದರೆ ಎರಡು ಗಂಟೆ ಕೂರುತ್ತೇವಲ್ಲ.

ವೆಸ್ಲಿಯ ಪರಂಪರೆಯಲ್ಲಿ ಒಡಂಬಡಿಕೆಯ ಆರಾಧನೆ ಎಂದೊಂದಿದೆ. ಅವನು 1755ರಲ್ಲಿ ಲಂಡನ್ನಿನಲ್ಲಿ ಶುರು ಮಾಡಿದ್ದು, ಆಮೇಲೆ ಹೊಸ ವರ್ಷದ ಮೊದಲ ಭಾನುವಾರಕ್ಕೆ ನಿಂತಿತು. ಇಡೀ ಸಭೆ ಎದ್ದು ನಿಂತು, ಈ ವರ್ಷ ನಾನು ನನ್ನವನಲ್ಲ, ಎಲ್ಲಿ ಬೇಕಾದರೂ ಬಳಸಿಕೋ ಎಂಬ ಅರ್ಥದಲ್ಲಿ ದೇವರಿಗೆ ಮಾತು ಕೊಡುವ ಆರಾಧನೆ. ಗುರಿಗಳನ್ನು ಓದಿ ಹೇಳಲು ವಾಚ್‌ನೈಟಿನ ನಿದ್ದೆಗಣ್ಣಿಗಿಂತ ಈ ಭಾನುವಾರ ಎಷ್ಟೋ ಒಳ್ಳೆಯದು. ಆಮೇಲೆ ಸುಗ್ಗಿ ಹಬ್ಬದ ದಿನ, ಹರಾಜಿಗೆ ಮುಂಚೆ, ಎಷ್ಟಾಯಿತು ಎಷ್ಟಾಗಲಿಲ್ಲ ಎಂದು ಓದಬೇಕು. ‘ದೇವರ ಕೃಪೆಯಿಂದ ಎಲ್ಲವೂ ಸುಸೂತ್ರವಾಗಿ ನಡೆಯಿತು’ ಎಂಬ ವಾಕ್ಯಕ್ಕೆ ಆ ದಿನ ರಜೆ. ಆಗದ್ದನ್ನು ಆಗಲಿಲ್ಲ ಅಂತಲೇ ಓದಬೇಕು, ಬಿಡುವುದಾದರೆ ಎಲ್ಲರಿಗೂ ಹೇಳಿ ಬಿಡಬೇಕು.

ನೋಟೀಸ್ ಬೋರ್ಡಿಗೆ ಹಾಳೆ ಅಂಟಿಸಿದಾಗ ಹದಿನೈದು ಹೆಸರಿನ ಬದಲು ಒಂಬತ್ತೇ ಬಂದರೆ ಏನು ಮಾಡ್ತೀರಿ ಅಂತ ಕಾರ್ಯದರ್ಶಿಗಳು ಕೇಳಬಹುದು. ಒಂಬತ್ತರಿಂದಲೇ ಶುರು ಮಾಡೋಣ, 108 ಮನೆ ಆಯಿತಲ್ಲ. ಉಳಿದ 72 ಮನೆಗಳ ಆರು ಸಾಲು ಕೂಡ ಹಾಳೆಯಲ್ಲಿ ಹಾಗೇ ಇರಲಿ, ಹೆಸರಿನ ಜಾಗ ಖಾಲಿ ಬಿಟ್ಟು.